ಕೂಸನ್ನು ಮೂಸುತ್ತಿದ್ದ ಡಾಕ್ಟರು

ಆ ಡಾಕ್ಟರು ಕೂಸುಗಳನ್ನು ಮುಟ್ಟುವ ಮೊದಲು ಮೂಸುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, ಕಿವಿ, ಕಂಕುಳು, ಹೊಕ್ಕಳಿನ ಹತ್ತಿರ ತಮ್ಮ ಉದ್ದ ಮೂಗನ್ನು ಒಯ್ಯುತ್ತಿದ್ದರು. ಬಿಳಿ ಕೋಟು ಹಾಕಿರುತ್ತಿದ್ದರು ಎಂದು ಬರೆಯಹೊರಟೆ. ನಾನು ಅದನ್ನು ನೋಡಿದ್ದು ಖಾತ್ರಿಯಿಲ್ಲ. ಡಾಕ್ಟರೆಂದರೆ ಕೋಟು ತೊಡಿಸುವುದು ನೆನಪಿನ ಚಾಳಿ.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಅವರ ದವಾಖಾನೆ. ಯಾರನ್ನೂ ನಂಬದ ಮನುಷ್ಯ. ತಾಯಿಯನ್ನೂ ಅಜ್ಜಿಯನ್ನೂ ಬೇರೆ ಬೇರೆ ಕರೆದು ಒಂದೇ ಪ್ರಶ್ನೆ ಕೇಳುವರು. ಉತ್ತರಗಳು ಹೊಂದಿಬಿಟ್ಟರೆ ಅನುಮಾನ ಇನ್ನೂ ಹೆಚ್ಚುತ್ತಿತ್ತು: "ಮನ್ಯಾಗ ಮಾತಾಡಿಕೊಂಡು ಬಂದೀರಿ."

ಎಪ್ಪತ್ತರ ದಶಕ. ಕುರುಗೋಡಿನ ತವರಿನಲ್ಲಿ ಬಾಣಂತಿಯಾಗಿದ್ದ ನನ್ನ ಹೆಂಡತಿ ತಿಂಗಳು ತುಂಬದ ಮಗಳನ್ನು ಎತ್ತಿಕೊಂಡು ಬಸ್ಸಿನಲ್ಲಿ ಈ ದವಾಖಾನೆಗೆ ಬಂದಳು. ಕೂಸು ಒಂದು ಕಾಲನ್ನು ಆಡಿಸುತ್ತಿರಲಿಲ್ಲ. ಬಟ್ಟೆ ಬದಲಿಸಿದರೆ ಚೀರುತ್ತಿತ್ತು. ಜ್ವರವಿರಲಿಲ್ಲ. ನೀರೆರೆಯುವ ಮುದುಕಿ ಎಣ್ಣೆ ಹಚ್ಚಿ ಕೈಕಾಲು ಜಗ್ಗುವಾಗ ತಿರುವಿಬಿಟ್ಟಿದ್ದಾಳೆಂದು ನನ್ನ ಅತ್ತೆ ತೀರ್ಮಾನಿಸಿ, ಆಕೆಯನ್ನೂ ಎಳೆದು ತಂದಿದ್ದರು. ಉಳುಕು ತೆಗೆಯುವವನ ಹತ್ತಿರ ಹೋಗಬೇಕೆಂದು ಅವರ ಹಟ.

ಎಕ್ಸ್‌ರೇ ತೆಗೆಸಿದ್ದಾಯಿತು. ಎಲುಬು ನೆಟ್ಟಗಿತ್ತು. ನಾವು ಹಗುರಾದೆವು, ಡಾಕ್ಟರು ಆಗಲಿಲ್ಲ. ಮಡಿಚಿದ ಟವೆಲ್ಲನ್ನು ಮುದುಕಿಗೆ ಕೊಟ್ಟು, ಕೂಸಿಗೆ ಹೇಗೆ ಎರೆಯುತ್ತೀ ತೋರಿಸು ಎಂದರು. ಆಕೆ ನೆಲದ ಮೇಲೆ ಕಾಲು ಚಾಚಿ ಕೂತು, ಟವೆಲ್ಲನ್ನು ಕಾಲ ಮೇಲೆ ಮಲಗಿಸಿ, ಬರಿಗೈಯಲ್ಲೇ ತಿಕ್ಕಿ, ಕೊನೆಗೆ ಅದರ ಮೂಗನ್ನೂ ತಿದ್ದಿದಳು.

"ನಾ ತಿರುವಿಲ್ರಿ. ನಿಮ್ಮಂಥವರನ್ನ ಎಷ್ಟೋ ಮಂದೀನ್ನ ಎರದು ದೊಡ್ಡವರನ್ನ ಮಾಡೀನಿ."

"ಹಂಗಾರ ನನ್ನ ಮೂಗು ಜಗ್ಗಿದಾಕಿ ನೀನ ಏನಬೇ?" ಎಂದವರು ಅತ್ತೆಯ ಕಡೆ ತಿರುಗಿದರು. "ಉಳುಕಿದ್ರ ದಿನಾ ಕಡಿಮಿ ಆಗಬೇಕಿತ್ತು. ಇದು ಹೆಚ್ಚಾಗಾಕ ಹತ್ತೈತಿ. ಎಲುಬಿನಾಗ ಕೀವು ಐತಿ ಅಂತ ನನ್ನ ಗುಮಾನಿ. ಇಷ್ಟು ಸಣ್ಣ ಕೂಸಿಗೆ ಅಪರೂಪ. ಜ್ವರ ಬರಬೇಕಂತಿಲ್ಲ, ಎಕ್ಸ್‌ರೇದಾಗ ಈಗ ಕಾಣಬೇಕಂತಲೂ ಇಲ್ಲ. ಕಾಣೂತನಕ ಕಾದ್ರ ಕೀಲು ಹೋಗತೈತಿ."

ತೊಡೆಯ ಕೀಲಿಗೆ ಸೂಜಿ ಹಾಕಿ ನೋಡಬೇಕೆಂದರು. ನನಗೆ ಅವರ ಮೇಲೇ ಅನುಮಾನ: ಕಾಣದ ರೋಗಕ್ಕೆ ಇಷ್ಟುದ್ದ ಸೂಜಿಯೇ? ಹೆಂಡತಿ ನನ್ನನ್ನು ಕೇಳಲಿಲ್ಲ. ಕೂಸನ್ನು ಮೇಜಿನ ಮೇಲೆ ಮಲಗಿಸಿದಳು.

ಸಿರಿಂಜಿನೊಳಗೆ ಹಳದಿ ಕೀವು ಏರಿತು. ಡಾಕ್ಟರು ಅದನ್ನೂ ಮೂಸಿದರು. ಗೆದ್ದವರಂತೆ ಕಾಣಲಿಲ್ಲ. ಮತ್ತೆ ಮತ್ತೆ ಕೀವು ಎಳೆದರು, ವಾರಗಟ್ಟಲೆ ಪೆನ್ಸಿಲಿನ್ ಚುಚ್ಚಿದರು. ಕೂಸು ಕಾಲು ಝಾಡಿಸಿದರೂ ನಂಬಲಿಲ್ಲ. ನಡೆಯುವವರೆಗೆ ಕರೆಸಿ ಕರೆಸಿ ಎರಡೂ ಕಾಲು ಅಳೆದರು.

ಅವರು ತೀರಿಕೊಂಡ ಸುದ್ದಿ ಬಂದ ದಿನ ಗಂಡ ಹೆಂಡತಿ ಅವರ ಮಾತನ್ನೇ ಆಡುತ್ತ ಕೂತೆವು. ಕೀವಾದದ್ದು ಎಡಗಾಲಿಗೆ ಎಂದೆ. ಆಕೆ ಬಲಗಾಲಿಗೆ ಎಂದಳು. ಇಬ್ಬರೂ ಸೋಲಲಿಲ್ಲ. ಮಗಳನ್ನು ಕರೆದು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿ ನೋಡಿದೆವು. ತಿಳಿಯಲಿಲ್ಲ.