ಪುಡಿಯಾದ ಎಳ್ಳೆಣ್ಣೆ

ತೊಂಬತ್ತರ ದಶಕದಲ್ಲಿ ಗೌರಿಬಿದನೂರಿನ ಹತ್ತಿರದ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಎಳ್ಳೆಣ್ಣೆಯನ್ನು ಪುಡಿ ಮಾಡುತ್ತಿದ್ದೆ. ಎಣ್ಣೆಯನ್ನು ಪಿಷ್ಟದ ನೀರಿನಲ್ಲಿ ಕಡೆದು ಬಿಸಿಗಾಳಿಯೊಳಕ್ಕೆ ಸಿಂಪಡಿಸಿದರೆ, ಸಣ್ಣ ಹನಿಗಳಿಗೆ ತೆಳ್ಳನೆ ಸಿಪ್ಪೆ ಕಟ್ಟಿ ಪುಡಿಯಾಗಿ ಉದುರುತ್ತದೆ.

ಒಂದು ದಿನ ಎಣ್ಣೆ ತಪಾಸಣೆಗೆ ಬಂದ ಅಧಿಕಾರಿ ಆ ಪುಡಿಯನ್ನು ಬೆರಳಲ್ಲಿ ಉಜ್ಜಿ, "ಜಿಡ್ಡೇ ಇಲ್ವಲ್ರೀ, ಇದೆಂಥಾ ಎಣ್ಣೆ? ಬೀಗ ಹಾಕಿಸ್ತೀನಿ" ಎಂದರು. ಮಾಲೀಕರಾದ ಅನ್ವರ್ ಸಾಹೇಬರು ನನ್ನ ಕಡೆ ನೋಡಿದರು.

"ಬಿಸಿನೀರಿಗೆ ಹಾಕಿದ್ರೆ ಗೊತ್ತಾಗತ್ತೆ ಸಾರ್" ಎಂದು ನಾನೇ ಲೋಟದಲ್ಲಿ ಕಲಕಿ ತೋರಿಸಿದೆ. ನೀರು ಬೆಳ್ಳಗಾಯಿತು.

"ಇದು ಹಾಲು ಕಣ್ರೀ! ಹಾಲು ನಮ್ಮ ಇಲಾಖೆಗೆ ಬರಲ್ಲ" ಎಂದು ಅವರು ಖುಷಿಯಿಂದ ಜೀಪು ಹತ್ತಿದರು.

ಮುಂದಿನ ವಾರ ಹಾಲಿನ ಇಲಾಖೆಯವರು ಬಂದು ಮೂಸಿ ನೋಡಿ, "ಎಳ್ಳೆಣ್ಣೆ ವಾಸನೆ, ನಮ್ಮದಲ್ಲ" ಎಂದು ಹೋದರು.

ಅನ್ವರ್ ಸಾಹೇಬರು ನಿಟ್ಟುಸಿರು ಬಿಟ್ಟು ನನ್ನ ಬೆನ್ನು ತಟ್ಟಿದರು: "ಪುಡಿಗೇ ಅಂತ ಒಂದು ಇಲಾಖೆ ಮಾಡೋವರ್ಗೂ ನೆಮ್ಮದಿಯಾಗಿ ಮೆಷಿನ್ ಓಡಿಸಪ್ಪ."