‘ಮುಟ್ಟಬೇಡಿ’ ಎಂಬ ಬೋರ್ಡು

ನಾನು ರಾಯಬಾಗದ ಒಂದು ಆಸ್ಪತ್ರೆಯಲ್ಲಿ ನರ್ಸ್. ಸೋಂಕಿನ ಪ್ರತ್ಯೇಕ ಕೋಣೆಯ ಬಾಗಿಲಿಗೆ ‘ಒಳಗೆ ಬರಬೇಡಿ, ಮುಟ್ಟಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದವಳು ನಾನೇ. ಒಳಗಿದ್ದವರು ಅಲಖನೂರಿನ ತಾರಾಬಾಯಿ. ಕಬ್ಬು ಕಡಿಯುವಾಗ ಆದ ಕಾಲಿನ ಗಾಯಕ್ಕೆ ಹಟಮಾರಿ ಸೋಂಕು ತಗುಲಿತ್ತು. ಎರಡು ದಿನದಿಂದ ಊಟ ಮಾಡಿರಲಿಲ್ಲ; ಮನೆಗೆ ಕಳಿಸಿರಿ ಎಂಬ ಒಂದೇ ಮಾತು. ಯಾಕೆಂದು ಕೇಳಿದರೆ ನಾವು ಹೊಸ್ತಿಲಲ್ಲಿಟ್ಟಿದ್ದ ಊಟದ ತಾಟು ತೋರಿಸಿದರು.

“ದೊಡ್ಡ ಮನ್ಯಾನವ್ರು ನಮ್ಮವ್ವಗ ಹಿಂಗ ದೂರಿಂದನ ತಾಟ ಸರಿಸ್ತಿದ್ರು, ಸಿಸ್ಟರ್. ನೀವೂ ಅದನ್ನ ಮಾಡಾಕತ್ತೀರೇನು?”

ಕೆನ್ನೆಗೆ ಹೊಡೆದಂತಾಯಿತು. ಗೌನು, ಗ್ಲೌಸು ಹಾಕಿಕೊಂಡು ತಾಟು ಒಳಗೊಯ್ದು ಪಕ್ಕದಲ್ಲೇ ಕುಳಿತೆ. “ಈ ಸೋಂಕು ನಮ್ಮ ಕೈಯಿಂದ ಬ್ಯಾರೆ ಪೇಶಂಟಿಗೆ ಹೋಗ್ತೈತ್ರಿ, ಅದಕ್ಕ ಬೋರ್ಡು,” ಎಂದೆ.

“ಹಂಗಾದ್ರ ಕೈ ತೊಳೀರಿ ಅಂತ ಬರೀರಲಾ!”

ಹಳೇ ಬೋರ್ಡು ಹರಿದು ಹೊಸದು ಬರೆದೆ: ‘ಕೈ ತೊಳಕೊಂಡು ಒಳಗ ಬರ್ರಿ.’ ತಾರಾಬಾಯಿ ಎರಡು ರೊಟ್ಟಿ ತಿಂದರು.

ಮರುದಿನ ದೊಡ್ಡ ಡಾಕ್ಟರು ಅವಸರದಲ್ಲಿ ಸೀದಾ ಒಳಗೆ ನುಗ್ಗಿ ಗಾಯಕ್ಕೆ ಕೈ ಚಾಚಿದರು.

“ಸಾಹೇಬ್ರ, ಬೋರ್ಡ್ ಓದ್ರಿ! ಕೈ ತೊಳೀದ ನನ್ನ ಮುಟ್ಟಬ್ಯಾಡ್ರಿ!”

ಡಾಕ್ಟರು ನಲ್ಲಿಯತ್ತ ನಡೆದರು. ನಾನು ಹರಿದು ಬಿಸಾಕಿದ್ದ ಶಬ್ದ ಆಕೆಯ ಬಾಯಲ್ಲಿ ಎಷ್ಟು ಚೆಂದ ಕೇಳಿಸಿತು!