ನಮ್ಮ ಬಾರಿನ ಫೋನು

ಸ್ನೇಹಿತರೇ, ಇವತ್ತು ಮಧ್ಯಾಹ್ನ ಎದುರಿನ ಹೊಸ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ನನ್ನ ಬಾರಿಗೆ ನುಗ್ಗಿದರು. ಡೊಂಬಿವಲಿಯಲ್ಲಿ ಅವರ ಕಟ್ಟಡ ಏಳುವುದಕ್ಕೆ ಎಷ್ಟೋ ಮೊದಲೇ, ನನ್ನ ಅಪ್ಪನ ಕಾಲದಿಂದ ಈ ಬಾರ್ ಇದೆ. "ಶೆಟ್ರೇ, ಇದನ್ನ ಮುಚ್ಚಿಸದೆ ಬಿಡೋದಿಲ್ಲ" ಎಂದರು, ನಮ್ಮದೇ ಕನ್ನಡದಲ್ಲಿ.

ಅಷ್ಟರಲ್ಲಿ ಗಲ್ಲಾದ ಮೇಲಿನ ಫೋನ್ ರಿಂಗಾಯಿತು. ಗಿರಾಕಿಗಳೆಲ್ಲ ಗ್ಲಾಸ್ ಕೆಳಗಿಟ್ಟು ಉಸಿರು ಬಿಗಿಹಿಡಿದರು. ಇಲ್ಲಿ ಕುಡಿಯಲು ಬರುವ ಆಳಂದ ಕಡೆಯ ಹಮಾಲರಿಗೆ ಊರಿನಿಂದ ಫೋನ್ ಬರುವುದು ಇಲ್ಲಿಗೇ. ಇದು ಬಾರ್ ಎಂದು ಮನೆಯವರಿಗೆ ತಿಳಿಯಬಾರದಲ್ಲ, ಅದಕ್ಕೇ ಈ ಮೌನ.

"ಹಲೋ, ಖಾನಾವಳಿ" ಎಂದೆ, ಎಂದಿನಂತೆ.

ಸೆಕ್ರೆಟರಿ ರಿಸೀವರ್ ಕಿತ್ತುಕೊಂಡರು. "ಎಂಥ ಖಾನಾವಳಿ? ಇದು ದಾರೂ ಅಡ್ಡೆ. ಮುಚ್ಚಿಸ್ತಾ ಇದ್ದೇನೆ."

ಆ ಕಡೆ ಇದ್ದದ್ದು ಹಮಾಲ ಶರಣಪ್ಪನ ಹೆಂಡತಿ. ಅವಳ ದನಿ ಇಡೀ ಬಾರಿಗೆ ಕೇಳಿಸಿತು. "ಬಾರ್ ಅಂತ ನಮಗ ಮೊದಲಿಂದ ಗೊತ್ತದರಿ. ಖಾನಾವಳಿ ಇದ್ರ ತಾಟಿನ ಸಪ್ಪಳರೆ ಬರಬೇಕಲ್ರಿ. ನೀವು ಮುಚ್ಚಿಸಿದ್ರ ನಮ್ಮ ಗಂಡಸರನ್ನ ಎಲ್ಲಿ ಹುಡುಕಬೇಕ್ರಿ? ಫೋನ್ ನಮ್ಮನಿಯವರಿಗೆ ಕೊಡ್ರಿ."

ಸೆಕ್ರೆಟರಿ ತೆಪ್ಪಗೆ ಕೊಟ್ಟರು.

ನಾನಂತೂ ಮುಚ್ಚುವುದಿಲ್ಲ. ಮುಚ್ಚಿಸಲೇಬೇಕೆಂದಿದ್ದರೆ ಅವರು ಮೊದಲು ಆಳಂದಕ್ಕೆ ಹೋಗಿ ಅಲ್ಲಿನ ಹೆಂಗಸರ ಒಪ್ಪಿಗೆ ತರಲಿ.